ಖಚಿತವಿಲ್ಲದಾಗ ಆಡುವ ಮಾತು

ಸೋಮವತಿ ಅಮಾವಾಸ್ಯೆಯ ದಿನ ಮಹಾರಾಷ್ಟ್ರದ ಜೇಜುರಿಯ ಗುಡ್ಡದಿಂದ ಖಂಡೋಬ ದೇವರ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುತ್ತದೆ. ಭಂಡಾರದ ಅರಿಸಿನದಲ್ಲಿ ಹಳದಿಯಾದವರ ನಡುವೆ ಅವನನ್ನು ಮೈಲಾರಲಿಂಗನೆನ್ನುವ ಕನ್ನಡಿಗರೂ ಇರುತ್ತಾರೆ. ಇಂಥ ಜಾತ್ರೆಯೂರಿನ ವೈದ್ಯರಿಗೆ ಒಂದು ಪೇಚು: ಇವತ್ತು ಜ್ವರವೆಂದು ಬಂದವರು ನಾಳೆ ಬಸ್ಸು ಹತ್ತಿರುತ್ತಾರೆ. ಮತ್ತೆ ನೋಡುವ ಅವಕಾಶವೇ ಇಲ್ಲ.

ಅಲ್ಲಿ ಅರ್ಧ ಮದ್ದು ಮಾತೇ.

ಬ್ರಿಟನ್ನಿನ ವೈದ್ಯ ರೋಜರ್ ನೈಬರ್ 1987ರ ತಮ್ಮ ‘ದಿ ಇನ್ನರ್ ಕನ್ಸಲ್ಟೇಶನ್’ ಪುಸ್ತಕದಲ್ಲಿ ಈ ಮಾತಿನ ಕಸುಬನ್ನು ‘ಸೇಫ್ಟಿ ನೆಟ್ಟಿಂಗ್’ ಎಂದು ಕರೆದರು. ಊಹೆ ಸರಿಯಿದ್ದರೆ ಮುಂದೇನಾಗಬೇಕು, ತಪ್ಪಿದ್ದರೆ ತಿಳಿಯುವುದು ಹೇಗೆ, ಆಗ ಮಾಡುವುದೇನು ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳಬೇಕು. ಸರಳ ಅನ್ನಿಸುತ್ತದೆ, ಸಾಲುಗಟ್ಟಿದ ರೋಗಿಗಳೆದುರು ಅಷ್ಟು ಸರಳವಲ್ಲ.

ಇದರ ಬೆಲೆ ಡೆಂಗಿಯಲ್ಲಿ ತಿಳಿಯುತ್ತದೆ. ಮೊದಲ ದಿನ ಅದು ಬೇರೆ ವೈರಲ್ ಜ್ವರದಂತೆಯೇ ಕಾಣಬಹುದು. ಅಪಾಯ ಹೆಚ್ಚುವುದು ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಅದೂ ಜ್ವರ ಇಳಿಯುವ ಹೊತ್ತಿಗೆ! ಮನೆಯವರು ನಿರಾಳರಾಗುವಾಗಲೇ ರಕ್ತನಾಳಗಳಿಂದ ದ್ರವ ಸೋರತೊಡಗಬಹುದು. ಹಾಗಾಗಿ “ಏನಾದರೂ ಆದರೆ ಬನ್ನಿ” ಎಂದರೆ ಸಾಲದು. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ, ಮಂಕು ಕವಿದರೆ, ಜ್ವರ ಬಿಟ್ಟಿದ್ದರೂ ಹತ್ತಿರದ ಆಸ್ಪತ್ರೆಗೆ ಓಡಬೇಕು. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬಾರದು.

ಬಲ್ಲ ವೈದ್ಯರು ಇದನ್ನು ಚೀಟಿಯಲ್ಲಿ ಬರೆದು, ರೋಗಿಯ ಬಾಯಲ್ಲೇ ಒಮ್ಮೆ ಹೇಳಿಸುತ್ತಾರೆ. “ಇದು ಇಂಥದ್ದೇ ಜ್ವರ ಎಂದು ಈಗಲೇ ಹೇಳಲಾಗದು” ಎನ್ನಲೂ ಅಂಜುವುದಿಲ್ಲ. ಮರಾಠಿ ಓದಲು ಬಾರದ ವಿಜಯಪುರದ ಭಕ್ತರಿಗೆ ಆ ಚೀಟಿ ಕನ್ನಡದಲ್ಲೂ ಸಿಗಬೇಕು.