ಟೀವಿ ಯಾರ ಕಣ್ಣಿನ ಎತ್ತರಕ್ಕೆ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಟೀವಿ ನೋಡ್ತಿರಲಿಲ್ಲ, ಕೇಳ್ತಿದ್ದಳು. ಫರಸಿ ಮೇಲೆ ಕಾಲು ಚಾಚಿ ಕೂತು, ತಲೆ ಬಗ್ಗಿಸಿ ಜ್ವಾಳ ಹಸನು ಮಾಡ್ತಾ ಧಾರಾವಾಹಿ ಕೇಳ್ತಿದ್ದಳು. ಯಾಕವ್ವ ಅಂದೆ. "ಮ್ಯಾಲ ನೋಡಿ ನೋಡಿ ಕುತ್ತಿಗಿ ಹಿಡಿತದಪ್ಪಾ. ಕೇಳಿದ್ರ ಸಾಕು, ಎಲ್ಲಾ ತಿಳಿತದ."

43 ಇಂಚಿನ ಟೀವಿ ಕಳಿಸಿದವನು ನಾನು. ಅದನ್ನು ರೇಡಿಯೋ ಮಾಡಿದ್ದು ವಾಲ್ ಮೌಂಟು.

ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಕಥೆ. ಸೇಡಂನಿಂದ ಚಿಂಚೋಳಿವರೆಗೆ ಯಾವ ನೆಂಟರ ಮನೆಗೆ ಹೋದರೂ ಟೀವಿ ಹಿರಿಯರ ಫೋಟೋಗಳ ಸಾಲಿನಲ್ಲಿ ತೂಗಾಡ್ತಿರುತ್ತದೆ. ಇನ್ನೊಂದು ಹಾರ ಹಾಕಿದರೆ ಮುಗೀತು. ಫೋಟೋಕ್ಕೆ ನಿಂತು ಕೈಮುಗಿದು ಮುಂದೆ ಹೋಗ್ತೀವಿ, ಟೀವಿ ಮುಂದೆ ಎರಡು ತಾಸು ಕೂಡ್ತೀವಿ. ಈ ವ್ಯತ್ಯಾಸ ಡ್ರಿಲ್ ಹಿಡಿದು ಬಂದವನಿಗೆ ಗೊತ್ತಿಲ್ಲ. ನಮ್ಮ ಮನೆಗೆ ಬಂದವನು ನಿಂತಲ್ಲೇ ತನ್ನ ಗದ್ದದ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು "ಇಲ್ಲಿ ಹಾಕಿದ್ರ ಚಂದ ಕಾಣ್ತದ್ರಿ" ಅಂದನಂತೆ. ಯಾರೂ ಅವನಿಗೆ ಕೂತು ನೋಡು ಅನ್ನಲಿಲ್ಲ. ನಾನು ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ನೋಡಿ ಸೂಪರ್ ಅಂದೆ.

ಟೇಪು ಹಿಡಿದು ಅಳೆದೆ. ಟೀವಿಯ ಕೆಳಗಿನ ಅಂಚು ನೆಲದಿಂದ 60 ಇಂಚು, ನಡುಮಧ್ಯ 70ರ ಮೇಲೆ. ನೆಲದಲ್ಲಿ ಕೂತ ಅವ್ವನ ಕಣ್ಣು 30 ಇಂಚಿನಲ್ಲಿ. ಎಂಟು ಅಡಿ ದೂರದಿಂದ ಲೆಕ್ಕ ಹಾಕಿದರೆ ದೃಷ್ಟಿ ಸುಮಾರು 23 ಡಿಗ್ರಿ ಮೇಲಕ್ಕೆ. ಸಿನಿಮಾ ಥಿಯೇಟರಿನಲ್ಲಿ ಮೊದಲ ಸಾಲಿಗೆ ಟಿಕೆಟ್ ಸಿಕ್ಕರೆ ಮುಖ ಸಿಂಡರಿಸ್ತೀವಲ್ಲ, ಅವ್ವನಿಗೆ ದಿನಾ ಅದೇ ಟಿಕೆಟ್. ಟೀವಿಯ ಮಧ್ಯಭಾಗ ನೆಲದಿಂದ 42 ಇಂಚು ಇರಲಿ ಅಂತ ಎಲ್ಲರೂ ಹೇಳುವ ಲೆಕ್ಕವೊಂದಿದೆ. ಅದು ಸೋಫಾದ ಲೆಕ್ಕ. ಫರಸಿ ತಂಪು ಬಿಟ್ಟು ಸೋಫಾ ಮೇಲೆ ಕೂಡುವವರು ನಮ್ಮ ಮನೆಯಲ್ಲಿ ನೆಂಟರು ಮಾತ್ರ, ಅದೂ ಬೇಸಿಗೆಯಲ್ಲಿ ಇಲ್ಲ.

ಸೇಡಂನ ಅಂಗಡಿಯಲ್ಲಿ ಕೇಳಿದೆ. ಟಿಲ್ಟ್ ಮೌಂಟ್ ಹಾಕಿಸ್ರಿ, ಸರಿಹೋಗ್ತದ ಅಂದರು. ಇದು ವಾಲ್ ಮೌಂಟ್ ಮಾರಾಟದ ಅತಿ ದೊಡ್ಡ ಅರ್ಧಸತ್ಯ. ಟೀವಿಯನ್ನು ಹತ್ತು-ಹದಿನೈದು ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ತಪ್ಪುತ್ತದೆ, ಕೆಳಗಿನಿಂದ ನೋಡಿದಾಗ ಮಂಕಾಗುವ ಬಣ್ಣ ಸ್ವಲ್ಪ ಸುಧಾರಿಸುತ್ತದೆ. ಆದರೆ ಟೀವಿ ಕೆಳಗೆ ಇಳಿಯುವುದಿಲ್ಲ. ಬಗ್ಗಿದ್ದು ಟೀವಿ, ಎತ್ತಬೇಕಾದ್ದು ಕುತ್ತಿಗೆ.

ಹಾಗಾದರೆ ಅತ್ತಿತ್ತ ತಿರುಗುವ, ಮುಂದೆ ಚಾಚುವ ತೋಳಿನ ಮೌಂಟು? ನೋಡೋಕೆ ಮಸ್ತ್. ಲೆಕ್ಕ ಮಾತ್ರ ಬೇರೆ. 10 ಕೆಜಿಯ ಟೀವಿ ಫಿಕ್ಸೆಡ್ ಮೌಂಟಿನಲ್ಲಿ ಗೋಡೆಯಿಂದ 5 ಸೆಂ.ಮೀ. ಆಚೆ ಇದೆ ಅನ್ಕೊಳ್ಳಿ, ಮೇಲಿನ-ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಆಗ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಹೊರಗೆ ಕೀಳುವ ಬಲ ಎರಡೂವರೆ ಕೆಜಿಯಷ್ಟು. ಅದೇ ಟೀವಿಯನ್ನು ತೋಳಿನ ಮೇಲೆ 40 ಸೆಂ.ಮೀ. ಮುಂದೆ ಎಳೆದರೆ 20 ಕೆಜಿ. ಟೀವಿಯ ತೂಕ ಒಂದೇ, ಎಳೆತ ಎಂಟು ಪಟ್ಟು. ಡಬ್ಬಿ ಮೇಲೆ "50 ಕೆಜಿ ತಡೆಯುತ್ತದೆ" ಅಂತ ಬರೆದಿರುವುದು ಕಬ್ಬಿಣದ ಮಾತು, ನಿಮ್ಮ ಗೋಡೆಯ ಮಾತಲ್ಲ.

ಮತ್ತೆ ನಮ್ಮ ಗೋಡೆ ಎಂಥದು? ವಾಡಿ, ಶಹಾಬಾದ್, ಚಿತ್ತಾಪುರದ ಸುತ್ತ ನೆಲ ಅಗೆದರೆ ಸುಣ್ಣದಕಲ್ಲು. ಪುಡಿ ಮಾಡಿದರೆ ಸಿಮೆಂಟು, ಪದರು ಬಿಡಿಸಿದರೆ ಫರಸಿ, ನಿಮಗೆ ಗೊತ್ತಿರುವ ಶಹಾಬಾದ್ ಕಲ್ಲು. ನಮ್ಮದು ಎರಡು ಅಡಿ ದಪ್ಪದ ಹಳೇ ಗೋಡೆ: ಒಳಗೂ ಹೊರಗೂ ಕಲ್ಲು, ನಡುವೆ ಮಣ್ಣು, ಮೇಲೆ ಆಮೇಲೆ ಬಂದ ಸಿಮೆಂಟ್ ಗಿಲಾವು. ಹೊರಗಿನಿಂದ ನೋಡಿದರೆ ಕೋಟೆ. ಡ್ರಿಲ್ ಹಾಕಿದರೆ ಎರಡು ತೂತು ಕಲ್ಲಿಗೆ, ಎರಡು ಸಂದಿನ ಮಣ್ಣಿಗೆ. ಮಣ್ಣಿನಲ್ಲಿ ಪ್ಲಾಸ್ಟಿಕ್ ಗಿಟ್ಟಿ ಬೆರಳಿನಲ್ಲೇ ತಿರುಗುತ್ತದೆ. ಅಗಲವಾಗಿ ಬಿಗಿಯುವ ಆಂಕರ್ ಬೋಲ್ಟನ್ನು ಕಲ್ಲಿನ ಅಂಚಿಗೆ ಹೊಡೆದರೆ ಕಲ್ಲು ಪದರಿನಗುಂಟ ಸೀಳಬಹುದು. ಬೆಂಗಳೂರಿನ ಫ್ಲಾಟಿನವರು ನಗಬೇಡಿ, ನಿಮ್ಮ ಹಾಲೋ ಬ್ಲಾಕ್ ಗೋಡೆಯಲ್ಲಿ ಗಿಟ್ಟಿ ಟೊಳ್ಳಿನಲ್ಲಿ ಬಿದ್ದು ಟಣ್ ಅನ್ನುತ್ತದೆ. ಟೀವಿ ಹಿಂದಿನ ನಾಲ್ಕು ತೂತುಗಳ ಅಂತರಕ್ಕೆ ವೇಸಾ ಅಂತ ಸ್ಟ್ಯಾಂಡರ್ಡ್ ಇದೆ, ನಮ್ಮದು 200×200. ಅದನ್ನು ನೋಡಿ ಮೌಂಟ್ ಕೊಳ್ತೀವಿ. ಗೋಡೆ ಏನು ಅಂತ ತಟ್ಟಿ ನೋಡುವುದಿಲ್ಲ.

ಅದೇ ಗೋಡೆಯಲ್ಲಿ ಅಜ್ಜನ ಕಾಲದ ಕಟ್ಟಿಗೆ ಗೂಟಗಳಿವೆ. ಎತ್ತಿನ ಹಗ್ಗ, ಚೀಲ, ನನ್ನ ಪಾಟಿಚೀಲ ಎಲ್ಲ ಹೊತ್ತವು. ಒಂದೂ ಅಲ್ಲಾಡಿಲ್ಲ, ಯಾಕಂದ್ರೆ ಗೋಡೆ ಕಟ್ಟುವಾಗಲೇ ಕಲ್ಲಿನ ನಡುವೆ ಕೂಡಿಸಿದ್ದರು. ಕೈಗೆ ಎಟುಕುವ ಎತ್ತರದಲ್ಲಿ. ದೀಪದ ಮಾಡವೂ ಹಾಗೇ. ಆ ಕಾಲವೇ ಚಂದ ಅಂತ ನಾನು ಹೇಳ್ತಿಲ್ಲ, ಆ ಮನೆಯಲ್ಲಿ ಚೇಳೂ ಇದ್ದವು. ಆದರೆ ಯಾರು ಬಳಸ್ತಾರೆ ಅಂತ ಮೊದಲು ಕೇಳಿ, ಆಮೇಲೆ ಜಾಗ ಮಾಡಿದ್ದರು.

ಹೊಸ ಮನೆ ಕಟ್ಟಿಸ್ತಿದ್ದರೆ, ಗೋಡೆ ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿನದಾಗಿದ್ದರೆ, ಸಾದಾ ಫಿಕ್ಸೆಡ್ ಮೌಂಟು ಸಾಕು, ಎಲ್ಲಕ್ಕಿಂತ ಅಗ್ಗ ಕೂಡ. ತೂತು ಹಾಕುವ ಮೊದಲು ಟೀವಿಯಳತೆಯ ರಟ್ಟನ್ನು ಗೋಡೆಗೆ ಅಂಟಿಸಿ, ಮನೆಯಲ್ಲಿ ಹೆಚ್ಚು ಹೊತ್ತು ನೋಡುವವರನ್ನು ಅವರ ಜಾಗದಲ್ಲೇ ಕೂಡಿಸಿ ಒಂದು ಸಂಜೆ ಕೇಳಿ. ಮನೆಗೆ ದುಡ್ಡು ಕಳಿಸುವವರನ್ನಲ್ಲ.

ನಮ್ಮ ಮಣ್ಣುಗೋಡೆಗೆ ಯಾವ ಮೌಂಟೂ ಬೇಡ ಅಂತ ತೀರ್ಮಾನಿಸಿದೆ. ಎರಡು ಕಲ್ಲಿನ ಮೇಲೆ ಒಂದು ಫರಸಿ ಹಾಸಿ, ಗೋಡೆಗುಂಟ 24 ಇಂಚು ಎತ್ತರದ ಕಟ್ಟೆ ಮಾಡಿದೆವು. ಮಕ್ಕಳು ಎಳೆದು ಬೀಳಿಸಬಾರದು ಅಂತ ಹಿಂದಿನಿಂದ ಒಂದು ಪಟ್ಟಿ, ಕಟ್ಟಿದ್ದು ಅಜ್ಜನ ಗೂಟಕ್ಕೇ. ಪಕ್ಕದ ಮನೆಯವರು ಬಂದು "ಯಾಕ್ರಿ, ಇಳಿಸಿಬಿಟ್ರಿ?" ಅಂತ ಏನೋ ನಷ್ಟ ಆದವರ ಹಾಗೆ ಕೇಳಿದರು. ಅವ್ವ ಟೀವಿಯಿಂದ ಕಣ್ಣು ತೆಗೀದೆ "ಹೂಂ" ಅಂದಳು.

ಟೀವಿ ಜೊತೆ ಬಂದ ಎರಡು ಕಾಲುಗಳು ಅಟ್ಟದ ಮೇಲಿನ ಡಬ್ಬಿಯಲ್ಲಿ, ಒಣ ಮೆಣಸಿನಕಾಯಿ ಕೆಳಗೆ ಸಿಕ್ಕವು. ಒಂದು ಸ್ಕ್ರೂ ಇನ್ನೂ ಸಿಕ್ಕಿಲ್ಲ.