ಚೌಡಾಪುರದ ಏಳು ಗಂಟೆ

ಏಪ್ರಿಲ್ ಬಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಇದೇ ನಿಯಮ. ಈ ಕಡೆಯ ಬಿಸಿಲು ಬೇರೆ, ಇಲ್ಲಿನ ನೌಕರರು ಮಧ್ಯಾಹ್ನ ಮೂರಕ್ಕೆ ಕಡತ ಹಿಡಿದು ಕೂರಲಾರರು ಎಂದು ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರು ಲಿಖಿತವಾಗಿಯೇ ಒಪ್ಪಿದ್ದಾರೆ. ಆ ವೇಳೆಯ ಸುದ್ದಿ ಓದುತ್ತಿದ್ದಂತೆ 2020ರ ಮೇ ತಿಂಗಳ ಇನ್ನೊಂದು ವೇಳಾಪಟ್ಟಿ ನೆನಪಾಯಿತು. ಅದರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಆ ವರ್ಷ ಕೊರೊನಾದಿಂದಾಗಿ ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಕಿರಾಣಿಗೆ ಹೋಗಬಹುದು, ಔಷಧಕ್ಕೆ ಹೋಗಬಹುದು, ಹಾಲಿಗೆ ಹೋಗಬಹುದು. ನಡೆಯಲಿಕ್ಕೆಂದೇ ಹೊರಗೆ ಹೋಗಬಹುದು ಎಂಬ ಸಾಲು ಮಾತ್ರ ಎಲ್ಲೂ ಇರಲಿಲ್ಲ. ಮೇ 4ರ ನಂತರ ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ಯಾರೂ ಸುಮ್ಮನೆ ಓಡಾಡಕೂಡದು ಎಂದಾಯಿತು. ನಾಲ್ಕನೇ ಕಂತಿನ ಲಾಕ್‌ಡೌನ್ ಬಂದಾಗ ರಾಜ್ಯ ಸರ್ಕಾರ ಉದ್ಯಾನಗಳ ಬಾಗಿಲು ತೆಗೆಸಿತು: ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಜನ ಮತ್ತೆ ನಡೆಯತೊಡಗಿದ ಸುದ್ದಿ ಬಂತು. ಅವರಿಗೆ ಸಿಕ್ಕ ಆ ಎರಡು ತಾಸಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅದೇ ಎರಡು ತಾಸನ್ನು ನಮಗೂ ಹಂಚಿದ್ದರ ಬಗ್ಗೆ ತಕರಾರಿದೆ.

ಚೌಡಾಪುರದಲ್ಲಿ ಮೇ ತಿಂಗಳ ಬೆಳಗಿನ ಏಳು ಗಂಟೆ ಎಂದರೆ ಏನು ಎಂದು ಇಲ್ಲಿ ನಡೆಯುವವರಿಗೆ ಹೇಳಬೇಕಿಲ್ಲ. ಆದೇಶ ಬರೆಯುವವರಿಗಾಗಿ ಹೇಳುತ್ತೇನೆ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ ಗಾಣಗಾಪುರದ ದಾರಿ ಒಡೆಯುವುದು ನಮ್ಮೂರಲ್ಲಿ. ಕ್ರಾಸ್ ಬಿಟ್ಟು ಬಂಡಿದಾರಿ ಹಿಡಿದರೆ ಎರಡೂ ಕಡೆ ತೊಗರಿ ಹೊಲ. ಬೇಸಿಗೆಯಲ್ಲಿ ಅಲ್ಲಿ ಬೆಳೆಯಿಲ್ಲ, ನೆರಳಿಲ್ಲ. ಬಿರಿದ ಕರಿ ಮಣ್ಣು, ನಡುನಡುವೆ ಹರಗದೆ ಬಿಟ್ಟ ಹೊಲದಲ್ಲಿ ಮೊನಚಾದ ತೊಗರಿ ಕೂಳೆ. ನಸುಕಿನ ಐದಕ್ಕೆ ಹೋದರೆ ದಾರಿಯ ಹುಡಿಮಣ್ಣು ಅಂಗಾಲಿಗೆ ತಣ್ಣಗೆ ತಾಕುತ್ತದೆ. ಬದುವಿನ ಜಾಲಿಪೊದೆಯಿಂದ ಕೌಜುಗ ಕೂಗುತ್ತದೆ, ದೂರದಿಂದ ಇನ್ನೊಂದು ಅದಕ್ಕೆ ಉತ್ತರ ಕೊಡುತ್ತದೆ. ಗಾಳಿ ಇದ್ದೂ ಇಲ್ಲದಂತೆ ಇರುತ್ತದೆ. ಆರಕ್ಕೆ ಹತ್ತು ನಿಮಿಷ ಇರುವಾಗ ಹೊತ್ತು ಹುಟ್ಟುತ್ತದೆ. ಆರೂವರೆಗೆ ಬೆನ್ನು ಬೆವರುತ್ತದೆ. ಏಳಕ್ಕೆ ಅದೇ ಹುಡಿಮಣ್ಣು ಮೇಲೆ ಬೆಚ್ಚಗಾಗಿರುತ್ತದೆ; ಬೆರಳಿಂದ ಕೆದಕಿದರೆ ಒಳಗೆ ಇನ್ನೂ ತಂಪಿದೆ ಎಂಬುದಷ್ಟೇ ರಾತ್ರಿಯ ಗುರುತು. ಕೌಜುಗ ಸುಮ್ಮನಾಗಿರುತ್ತದೆ. ಎಂಟಕ್ಕೆ ಝಳ ಶುರು. ನಮ್ಮಲ್ಲಿ ತಿಳಿದವರು ಮನೆ ಸೇರುವ ಹೊತ್ತಿಗೆ ಸರ್ಕಾರ ನಮಗೆ ಮನೆಯಿಂದ ಹೊರಡಲು ಹೇಳಿತು.

ಸಂಜೆಯದು ಇನ್ನೂ ಅನ್ಯಾಯ. ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಆರೂ ಮುಕ್ಕಾಲಿಗೆ. ಐದಕ್ಕೆ ಪಡುವಣ ದಿಕ್ಕಿನ ಬಿಸಿಲು ನೇರ ಮುಖಕ್ಕೆ, ಕೆಳಗಿನಿಂದ ಡಾಂಬರಿನ ಕಾವು. ಹೊತ್ತು ಮುಳುಗಿ ನಡೆಯಲು ಯೋಗ್ಯವೆನಿಸುವಾಗ ಉಳಿಯುವುದು ಒಂದು ಕಾಲು ಗಂಟೆ. ಆಮೇಲೆ ಕರ್ಫ್ಯೂ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕಲಬುರಗಿ ಅದರ ಅರ್ಧದಷ್ಟು ಎತ್ತರದಲ್ಲಿದೆ. ಇಲ್ಲಿ ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಎರಡೂ ಊರಲ್ಲಿ ಗಡಿಯಾರ ಏಳು ತೋರಿಸಿದರೂ ನಡೆಯುವವನ ಮೈಗೆ ಆ ಏಳು ಬೇರೆ ಬೇರೆ. ಕಚೇರಿಯ ಬಾಗಿಲಿನ ವಿಷಯದಲ್ಲಿ ಇದನ್ನು ಅರಿತ ಸರ್ಕಾರ, ಕಾಲಿನ ವಿಷಯದಲ್ಲಿ ಯಾಕೆ ಮರೆಯಿತು?

ಭಯ ಸುಳ್ಳಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವೇ ನಮ್ಮ ಜಿಲ್ಲೆಯ ಹಿರಿಯರೊಬ್ಬರದು. 76 ವರ್ಷ, 2020ರ ಮಾರ್ಚ್ 10. ಎರಡು ದಿನದ ಮೇಲೆ ವರದಿ ಖಚಿತವಾದಾಗ ಕಲಬುರಗಿಯ ಹೆಸರು ಹೇಳಲೂ ಜನ ಹೆದರಿದರು. ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ನಗರ ಅರ್ಧ ಮುಚ್ಚಿತ್ತು. ಆಗಿನ ಅಧಿಕಾರಿಗಳು ಹಗಲು ರಾತ್ರಿ ನಿದ್ದೆಗೆಟ್ಟದ್ದನ್ನು ಕಂಡಿದ್ದೇವೆ. ಮೊದಲ ಎರಡು ವಾರ ಎಲ್ಲರನ್ನೂ ಒಳಗೆ ಕೂರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ರೋಗ ಎಲ್ಲಿ ಅಂಟುತ್ತದೆ ಎಂಬುದು ನಿಧಾನಕ್ಕೆ ತಿಳಿಯುತ್ತಿತ್ತು. ಆ ಏಪ್ರಿಲ್‌ನಲ್ಲೇ ಚೀನಾದ ಸಂಶೋಧಕರು 7,324 ಪ್ರಕರಣಗಳನ್ನು ಜಾಲಾಡಿ ನೋಡಿದ್ದರು. ಬಯಲಿನಲ್ಲಿ ಅಂಟಿದ ಘಟನೆ ಅವರಿಗೆ ಸಿಕ್ಕಿದ್ದು ಒಂದೇ, ಅದರಲ್ಲಿದ್ದವರು ಇಬ್ಬರು. ಅವರೂ ನಿಂತು ಮಾತಾಡಿದವರು. ಬಂಡಿದಾರಿಯಲ್ಲಿ ಒಬ್ಬನೇ ನಡೆಯುವವನಿಂದ ಯಾರಿಗೆ ಏನು ಅಂಟೀತು? ಕಿರಾಣಿ ಅಂಗಡಿ ಮುಂದಿನ ಗದ್ದಲವೇ ಹೆಚ್ಚು ಅಪಾಯದ್ದು. ಅದಕ್ಕೆ ಅನುಮತಿ ಇತ್ತು.

ಬೇರೆ ದೇಶಗಳು ಏನು ಮಾಡಿದವು ನೋಡಿ. ಬ್ರಿಟನ್ನಿನವರು ಮೊದಲ ದಿನವೇ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಎಂದರು. ಫ್ರಾನ್ಸಿನಲ್ಲಿ ಒಂದು ತಾಸು, ಮನೆಯಿಂದ ಒಂದು ಕಿಲೋಮೀಟರ್, ಜೇಬಿನಲ್ಲಿ ಸಹಿ ಮಾಡಿದ ಚೀಟಿ. ಸ್ಪೇನ್ ನಮ್ಮಷ್ಟೇ ಕಠಿಣವಾಗಿತ್ತು. ಮಕ್ಕಳನ್ನೂ ವಾರಗಟ್ಟಲೆ ಹೊರಗೆ ಬಿಡಲಿಲ್ಲ. ಆದರೆ ಮೇ 2ರಂದು ದೊಡ್ಡವರಿಗೆ ನಡೆಯಲು, ಓಡಲು ಬಿಟ್ಟಾಗ ಅವರು ಗೊತ್ತು ಮಾಡಿದ ವೇಳೆ ಬೆಳಿಗ್ಗೆ 6ರಿಂದ 10, ರಾತ್ರಿ 8ರಿಂದ 11. ವಯಸ್ಸಾದವರಿಗೆ ಬೇರೆ ವೇಳೆ, ಮಕ್ಕಳಿಗೆ ಬೇರೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಸಾಲು: ಐದು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಈ ವೇಳೆಯ ಕಟ್ಟು ಇಲ್ಲ. ಹಳ್ಳಿಯ ಬಯಲಿಗೂ ಮ್ಯಾಡ್ರಿಡ್‌ನ ಬೀದಿಗೂ ವ್ಯತ್ಯಾಸವಿದೆ ಎಂದು ಗೊತ್ತಿದ್ದವರು ಬರೆದ ಸಾಲು ಅದು. ನಮ್ಮ ತಾಲೂಕಿನ ಬಹುಪಾಲು ಹಳ್ಳಿಗಳು ಆ ಲೆಕ್ಕಕ್ಕೆ ಬರುತ್ತವೆ.

ಆಗ ಊರ ಹಿರಿಯರೊಬ್ಬರು ನನಗೆ ಉಪಾಯ ಹೇಳಿದ್ದರು. "ಸರ, ಕೈಯಾಗ ಒಂದ್ ಕುಡಗೋಲ ಹಿಡ್ಕೊಂಡ್ ಹೋಗ್ರಿ. ಹೊಲಕ್ಕ ಹೊಂಟಾರ ಅಂತಾರ, ಯಾರೂ ಕೇಳಂಗಿಲ್ಲ." ಹೊಲದ ಕೆಲಸಕ್ಕೆ ವಿನಾಯಿತಿ ಇತ್ತು, ಅದು ನಿಜ. "ಹೊಲಾನೇ ಇಲ್ಲಲ್ಲ ಮುತ್ಯಾ ನನಗ," ಎಂದೆ. "ಹೊಲ ಇಲ್ಲದಿದ್ರ ಏನಾತು, ಕಾಲ ಅವ ಇಲ್ಲೋ?" ಎಂದರು. ಪ್ರೀತಿಯಿಂದ ಹೇಳಿದ ಮಾತು. ನಾನು ಕುಡಗೋಲು ಹಿಡಿಯಲಿಲ್ಲ. ನಡಿಗೆಗೆ ನೆಪ ಹುಡುಕಿದರೆ, ಅದು ಕದ್ದು ಮಾಡುವ ಕೆಲಸ ಎಂದು ನಾನೇ ಒಪ್ಪಿಕೊಂಡಂತೆ. ಆ ದಿನಗಳಲ್ಲಿ ವಾಕಿಂಗಿಗೆ ಹೊರಟವರಿಗೆ ನಡುಬೀದಿಯಲ್ಲಿ ಬಸ್ಕಿ ಹೊಡೆಸುವ ದೃಶ್ಯಗಳು ಟಿವಿಯಲ್ಲಿ ಬರುತ್ತಿದ್ದವು. ನಮ್ಮ ಭಾಗದ ತಾಲೀಮುಗಳಲ್ಲಿ ಕೆಮ್ಮಣ್ಣಿಗೆ ಕೈಮುಗಿದು ಶುರುಮಾಡುವ ಸಾಮು ಅದು. ಅದನ್ನು ಶಿಕ್ಷೆ ಮಾಡಿದ್ದನ್ನು ನೋಡಿ ಎಷ್ಟೋ ಹಳೆಯ ಪೈಲ್ವಾನರಿಗೆ ನೋವಾಗಿರಬೇಕು.

ಇಲ್ಲಿ ಹೆಜ್ಜೆ ಎಣಿಸುವ ಪಂಥದವರಿಗೆ ಒಂದು ಮಾತು. ಇವರ ಜೊತೆ ನನ್ನದು ಹಳೆಯ ಜಗಳ. ಲಾಕ್‌ಡೌನ್‌ನಲ್ಲಿ ಇವರು ಮಾಳಿಗೆ ಹತ್ತಿದರು. ಶಹಾಬಾದ್ ಕಲ್ಲಿನ ಮೇಲೆ ಆ ಗೋಡೆಯಿಂದ ಈ ಗೋಡೆಗೆ, ಮಣಿಕಟ್ಟಿನ ಯಂತ್ರ ಹತ್ತು ಸಾವಿರ ತೋರಿಸುವವರೆಗೆ. ಮಾಳಿಗೆ ನಡಿಗೆಯನ್ನು ನಾನು ಹಳಿಯುವುದಿಲ್ಲ, ಬೇರೆ ದಾರಿ ಇರಲಿಲ್ಲ. ಆದರೆ "ನೋಡಿ, ಹೊರಗೆ ಹೋಗುವ ಅಗತ್ಯವೇ ಇಲ್ಲ, ಎಣಿಕೆ ಮುಗಿದರೆ ಸಾಕು" ಎಂದು ಪತ್ರಿಕೆಗಳಿಗೆ ಬರೆದರಲ್ಲ, ಆ ವಾದ ಆದೇಶ ಬರೆಯುವವರಿಗೆ ಅನುಕೂಲವಾಯಿತು. ಆ ಹತ್ತು ಸಾವಿರ ಯಾವ ವೈದ್ಯರ ಸಂಖ್ಯೆಯೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು, ಮಾನ್ಪೊ ಕೆಯ್. 2019ರಲ್ಲಿ ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರನ್ನು ಅಧ್ಯಯನ ಮಾಡಿದ ಐ-ಮಿನ್ ಲೀ ತಂಡಕ್ಕೆ ದಿನಕ್ಕೆ 4,400 ಹೆಜ್ಜೆಯಲ್ಲೇ ಲಾಭ ಕಂಡಿತು, 7,500ರ ಆಚೆಗೆ ಹೆಚ್ಚಿನದೇನೂ ಕಾಣಲಿಲ್ಲ. ನಡಿಗೆಯನ್ನು ಸಂಖ್ಯೆಗೆ ಇಳಿಸಿದವರಿಗೆ ದಾರಿ ಬೇಡ, ಹೊತ್ತು ಬೇಡ, ಊರೂ ಬೇಡ. ಎಣಿಕೆಗೆ ಮಾಳಿಗೆಯೂ ಒಂದೇ, ಗಾಣಗಾಪುರದ ದಾರಿಯೂ ಒಂದೇ. ನಮಗೆ ಹಾಗಲ್ಲ.

ಹಾಗಲ್ಲ ಎನ್ನಲು ಈ ಸೀಮೆಗೆ ಕಾರಣವಿದೆ. ಇಲ್ಲಿನ ಜನ ನಡೆಯುವುದೇ ಎಲ್ಲಿಗಾದರೂ ಹೋಗಲಿಕ್ಕೆ. ಉತ್ತರ ಕರ್ನಾಟಕದ ಸಾವಿರಾರು ಮಂದಿ ಯುಗಾದಿಗೆ ಶ್ರೀಶೈಲ ತಲುಪಲು ವಾರಗಟ್ಟಲೆ ನಡೆಯುತ್ತಾರೆ. 2020ರ ಯುಗಾದಿ ಬಿದ್ದದ್ದು ಲಾಕ್‌ಡೌನ್‌ನ ಮೊದಲ ದಿನಕ್ಕೇ, ಮಾರ್ಚ್ 25ಕ್ಕೆ. ಆಳಂದ, ಅಫಜಲಪುರದ ಕಡೆಯ ವಾರಕರಿಗಳು ಆಷಾಢಕ್ಕೆ ಪಂಢರಪುರಕ್ಕೆ ದಿಂಡಿಯಲ್ಲಿ ಹೋಗುವವರು. ಆ ವರ್ಷ ಜುಲೈ 1ರ ಏಕಾದಶಿಗೆ ಸಂತರ ಪಾದುಕೆಗಳನ್ನೇ ಬಸ್ಸಿನಲ್ಲಿ ಒಯ್ದರು, ಮರುವರ್ಷವೂ ಹಾಗೇ. ಪಂಢರಪುರ ದಾಟಿ ಹರಿದು ಬರುವ ಭೀಮೆಯೇ ಗಾಣಗಾಪುರದಲ್ಲಿ ಅಮರ್ಜಾವನ್ನು ಕೂಡಿಕೊಳ್ಳುವುದು. ಹೊಳೆ ಮಾತ್ರ ಎಂದಿನಂತೆ ಬಂತು, ನಡೆಯುವವರು ಬರಲಿಲ್ಲ.

ಗಾಣಗಾಪುರ ಎಂದ ಮೇಲೆ ಗುರುಚರಿತ್ರೆಯ ಆ ನೇಕಾರನ ಕತೆ ಹೇಳದೆ ಮುಂದೆ ಹೋಗಲಾರೆ. ಸರಸ್ವತಿ ಗಂಗಾಧರರ ಮರಾಠಿ ಗ್ರಂಥ, ನಮ್ಮ ಕಡೆ ಮನೆಮನೆಯಲ್ಲಿ ಪಾರಾಯಣವಾಗುವಂಥದು. ತಂತುಕನೆಂಬ ನೇಕಾರ ಭಕ್ತ ದಿನವೂ ಇಲ್ಲಿನ ಗುರು ನರಸಿಂಹ ಸರಸ್ವತಿಗಳ ಮಠದ ಅಂಗಳ ಗುಡಿಸುವವನು. ಶಿವರಾತ್ರಿಗೆಂದು ಅವನ ಮನೆಯವರು, ನೆಂಟರು ಶ್ರೀಶೈಲಕ್ಕೆ ನಡೆದು ಹೊರಟರು, ಅವನನ್ನೂ ಕರೆದರು. ನನ್ನ ಶ್ರೀಶೈಲ ಇಲ್ಲೇ ಇದೆ ಎಂದು ಅವನು ಹೋಗಲಿಲ್ಲ. ಶಿವರಾತ್ರಿಯ ದಿನ ನರಸಿಂಹ ಸರಸ್ವತಿಗಳು ಅವನಿಗೆ ಕಣ್ಣು ಮುಚ್ಚಿ ಪಾದುಕೆ ಹಿಡಿದುಕೊ ಎಂದರು. ಕಣ್ಣು ಬಿಟ್ಟರೆ ಶ್ರೀಶೈಲ. ಅಲ್ಲಿ ಅವನ ಜನ ಸಿಕ್ಕರು. ನಮ್ಮ ಜೊತೆ ಬರಲಿಕ್ಕೆ ಏನಾಗಿತ್ತು, ಕದ್ದು ಹಿಂದೆ ಬಂದೆಯಾ ಎಂದು ಬೈದರು.

ಲಾಕ್‌ಡೌನ್‌ನಲ್ಲಿ ಈ ಕತೆಯನ್ನು ಮನೆಯಲ್ಲೇ ಇರಿ ಎನ್ನಲು ಬಳಸಿದ್ದನ್ನು ಕೇಳಿದ್ದೇನೆ. ನಾನು ಓದುವುದು ಬೇರೆ ಥರ. ನೇಕಾರ ಮನೆಯೊಳಗೆ ಕೂತವನಲ್ಲ. ದಿನವೂ ಮಠಕ್ಕೆ ನಡೆದು ಬಂದು ಅಂಗಳದಲ್ಲಿ ಬಗ್ಗಿ ಗುಡಿಸಿದವನು. ಅವನಿಗೆ ದೂರದ ದಾರಿ ಬೇಡವಾಗಿತ್ತು. ಹತ್ತಿರದ ದಾರಿಯನ್ನು ಅವನು ಒಂದು ದಿನವೂ ಬಿಡಲಿಲ್ಲ. ನಾವು ಆ ಮೇ ತಿಂಗಳಲ್ಲಿ ಕೇಳಿದ್ದೂ ಅಷ್ಟೇ ಅಲ್ಲವೇ? ಶ್ರೀಶೈಲ ಬೇಡ, ಪಂಢರಪುರ ಬೇಡ. ಊರ ಬಂಡಿದಾರಿ, ನಸುಕಿನ ಒಂದು ತಾಸು.

ಅದೇ ದಿನಗಳಲ್ಲಿ ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ನಮ್ಮ ಜನ ನಡೆದು, ಸಿಕ್ಕ ಲಾರಿ ಹತ್ತಿ ಗಡಿಗೆ ಬರುತ್ತಿದ್ದರು. ಆಳಂದದ ಹಿರೋಳಿಯಲ್ಲಿ, ಅಫಜಲಪುರದ ಬಳೂರ್ಗಿಯಲ್ಲಿ ಚೆಕ್‌ಪೋಸ್ಟ್. ಅವರ ನಡಿಗೆಯ ಮುಂದೆ ನನ್ನ ನಡಿಗೆಯನ್ನು ಇಟ್ಟು ತೂಗುವ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ಹೇಳಬೇಕು. ನಡುಹಗಲ ಬಿಸಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ನಡೆಯುವವರಿಗೂ ರಾತ್ರಿ ಏಳರಿಂದ ಬೆಳಿಗ್ಗೆ ಏಳರವರೆಗೆ ಓಡಾಟ ನಿಷಿದ್ಧವಾಗಿತ್ತು. ಬೇಸಿಗೆಯಲ್ಲಿ ದೂರ ನಡೆಯುವವರು ಎಂದಿನಿಂದಲೂ ನಡೆಯುವುದು ತಂಪು ಹೊತ್ತಿನಲ್ಲಿ. ಆ ತಂಪನ್ನೇ ಆದೇಶ ಕಸಿದುಕೊಂಡಿತ್ತು.

2021ರಲ್ಲಿ ಸರ್ಕಾರ ಕಲಿತದ್ದೂ ಉಂಟು. ಎರಡನೇ ಅಲೆ ಇಳಿದು ಜೂನ್ 14ಕ್ಕೆ ಕಲಬುರಗಿ ಸೇರಿ ಹಲವು ಜಿಲ್ಲೆಗಳಲ್ಲಿ ಸಡಿಲಿಕೆ ಕೊಟ್ಟಾಗ ಉದ್ಯಾನಗಳಿಗೆ ಇಟ್ಟ ವೇಳೆ ಬೆಳಿಗ್ಗೆ 5ರಿಂದ 10. ನಡೆಯಿರಿ, ಓಡಿರಿ, ಗುಂಪು ಬೇಡ ಎಂದರು. ಸರಿಯಾದ ಆದೇಶ. ಕಲಬುರಗಿಯ ಅಪ್ಪನ ಕೆರೆಯ ದಂಡೆಗೂ ಪಬ್ಲಿಕ್ ಗಾರ್ಡನ್ನಿಗೂ ಹೋಗುವವರ ಪಾಲಿಗೆ ಆ ಎರಡು ತಾಸಿನ ವ್ಯತ್ಯಾಸ ಎಂಥದ್ದು ಎಂದು ಅವರನ್ನೇ ಕೇಳಿ. ಆದರೆ ಅದು ಬಂದದ್ದು ಮಳೆಗಾಲ ಶುರುವಾದ ಮೇಲೆ, ಬೇಸಿಗೆ ಕಳೆದ ನಂತರ. ಅದೂ ಉದ್ಯಾನವಿರುವ ಊರಿಗೆ. ಚೌಡಾಪುರದಲ್ಲಿ ಉದ್ಯಾನವೆಲ್ಲಿದೆ? ಬಂಡಿದಾರಿಯ ಹೆಸರು ಯಾವ ಆದೇಶದಲ್ಲೂ ಬರಲಿಲ್ಲ.

ಆ ಆದೇಶಗಳಿಗೆ ಆಧಾರವಾದ ವಿಪತ್ತು ನಿರ್ವಹಣಾ ಕಾಯ್ದೆ 2005ರದು, ಅದು ಇಂದಿಗೂ ಜಾರಿಯಲ್ಲಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕಚೇರಿ ವೇಳೆಯ ಆದೇಶದಂತೆ ನಡಿಗೆಯ ವೇಳೆಗೂ ಒಂದು ಮಾದರಿಯನ್ನು ಈಗಲೇ ಬರೆದಿಡಬಹುದು, ಅದಕ್ಕೆ ರೋಗ ಬರುವವರೆಗೆ ಕಾಯಬೇಕಿಲ್ಲ. ಕಲಬುರಗಿ ವಿಭಾಗದಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಬೆಳಿಗ್ಗೆ 4.30ರಿಂದ 7.30, ಸಂಜೆ 6.30ರಿಂದ 8.30, ಒಬ್ಬರೇ ಅಥವಾ ಒಂದೇ ಮನೆಯವರು. ಊರ ಸುತ್ತಿನ ಹೊಲದ ದಾರಿ, ಕಾಲುದಾರಿಗಳಿಗೆ ವೇಳೆಯ ಕಟ್ಟಿಲ್ಲ. ಇಷ್ಟು ಬರೆದು ನಮ್ಮ ಶಾಸಕರಿಗೂ ಜಿಲ್ಲಾಧಿಕಾರಿ ಕಚೇರಿಗೂ ಈ ವಾರ ಅಂಚೆಗೆ ಹಾಕುತ್ತಿದ್ದೇನೆ. ಜೇವರ್ಗಿ, ಆಳಂದದ ಓದುಗರು ತಮ್ಮ ಕಡೆಯ ಹೊತ್ತು ಬೇರೆ ಎನಿಸಿದರೆ ತಿದ್ದಿ ಕಳಿಸಲಿ.