ಹಕ್ಕಿಯ ಹೆಸರು ಹೊತ್ತ ಡಾಲರ್

ಕೆನಡಾದ ಡಾಲರಿಗೆ ಜನ ಇಟ್ಟ ಅಡ್ಡಹೆಸರು ‘ಲೂನಿ’. 1987ರ ಜೂನ್ 30ರಂದು ಚಲಾವಣೆಗೆ ಬಂದ, ಹನ್ನೊಂದು ಅಂಚುಗಳ, ಹೊನ್ನಿನ ಬಣ್ಣದ ಒಂದು ಡಾಲರ್ ನಾಣ್ಯದ ಒಂದು ಬದಿಗೆ ಆಗ ರಾಣಿ ಎರಡನೇ ಎಲಿಜಬೆತ್ ಇದ್ದರೆ, ಇನ್ನೊಂದು ಬದಿಗೆ ಕಲಾವಿದ ರಾಬರ್ಟ್-ರಾಲ್ಫ್ ಕಾರ್ಮೈಕಲ್ ಬಿಡಿಸಿದ ಲೂನ್ ಎಂಬ ನೀರುಹಕ್ಕಿ. ಹೆಸರು ಹುಟ್ಟಿದ್ದು ಈ ಹಕ್ಕಿಯಿಂದಲೇ ಎಂಬುದರಲ್ಲಿ ತಕರಾರಿಲ್ಲ. ಬ್ರಿಟನ್ನಿನ ‘ಕ್ವಿಡ್’ ಪದದ ಮೂಲ ಇಂದಿಗೂ ಊಹೆಯ ಮಾತಾಗಿರುವಾಗ, ಅಡ್ಡಹೆಸರೊಂದಕ್ಕೆ ಇಷ್ಟು ಸ್ಪಷ್ಟವಾದ ಜಾತಕ ಸಿಗುವುದು ಅಪರೂಪ.

ಆದರೆ ಹಕ್ಕಿ ನಾಣ್ಯದ ಮೇಲೆ ಬಂದು ಕೂತದ್ದೇ ಆಕಸ್ಮಿಕ. ಮೊದಲು ಗೊತ್ತಾಗಿದ್ದುದು 1935ರ ಬೆಳ್ಳಿ ಡಾಲರಿನಿಂದ ಬಂದ ಚಿತ್ರ: ತುಪ್ಪಳದ ವ್ಯಾಪಾರ ಕಾಲದ ದೋಣಿಯಾನಿಗಳು. 1986ರ ನವೆಂಬರಿನಲ್ಲಿ ಆಟವಾದಿಂದ ವಿನಿಪೆಗ್ಗಿನ ಟಂಕಸಾಲೆಗೆ ಹೊರಟಿದ್ದ ಮೂಲ ಅಚ್ಚುಗಳು ದಾರಿಯಲ್ಲಿ ಕಾಣೆಯಾದವು. ನಲವತ್ತು ಚಿಲ್ಲರೆ ಡಾಲರ್ ಉಳಿಸಲೆಂದು ಅವನ್ನು ಸಾಮಾನ್ಯ ಕೊರಿಯರಿನಲ್ಲಿ ಕಳಿಸಲಾಗಿತ್ತು. ಖೋಟಾ ನಾಣ್ಯದ ಭಯದಿಂದ ಚಿತ್ರವನ್ನೇ ಬದಲಿಸಬೇಕಾಯಿತು. ಇಷ್ಟು ಜಿಪುಣತನ ತೋರದಿದ್ದರೆ ಇಂಥ ಹೆಸರೂ ಇರುತ್ತಿರಲಿಲ್ಲ.

ಹೆಸರಿನ ಸೊಗಸು ಇರುವುದು ಶ್ಲೇಷೆಯಲ್ಲಿ. ಇಂಗ್ಲಿಷಿನ ಆಡುಮಾತಿನಲ್ಲಿ ‘ಲೂನಿ’ ಎಂದರೆ ಹುಚ್ಚ. ಅದರ ಬೇರು ಚಂದ್ರನನ್ನು ಹೇಳುವ ಲ್ಯಾಟಿನ್ ಪದದಲ್ಲಿದೆ. ಹಕ್ಕಿಯ ಹೆಸರಿಗೆ ಆ ನಂಟಿಲ್ಲ. ಎರಡು ಪದಗಳು ಉಚ್ಚಾರದಲ್ಲಷ್ಟೇ ಕೈಕುಲುಕುತ್ತವೆ. ಕೆರೆಯ ನಡುವೆ ನಗುವಂತೆ ಕೂಗುವ ಹಕ್ಕಿಯ ದನಿ ಈ ಗೊಂದಲವನ್ನು ಗಟ್ಟಿಮಾಡಿತು. ಹಾಗೆಂದು ಈ ಹೆಸರನ್ನು ನಾಣ್ಯ ತಂದ ಸರ್ಕಾರದ ಮೇಲಿನ ಅಪಹಾಸ್ಯವೆಂದು ಮಾತ್ರ ಓದುವುದು ಸರಿಯಲ್ಲ: ಫ್ರೆಂಚ್ ಮಾತಾಡುವವರೂ ನಾಣ್ಯವನ್ನು ಹಕ್ಕಿಯ ಹೆಸರಿನಿಂದಲೇ ‘ಉಆರ್’ ಎನ್ನುತ್ತಾರೆ, ಅಲ್ಲಿ ಈ ಶ್ಲೇಷೆಯೇ ಇಲ್ಲ. ಪ್ರಾಣಿಯ ಮುದ್ರೆಯಿಂದ ನಾಣ್ಯಕ್ಕೆ ಹೆಸರು ಬರುವುದು ಕನ್ನಡಿಗರಿಗೂ ಹೊಸದಲ್ಲ, ‘ವರಾಹ’ ಹುಟ್ಟಿದ್ದೂ ಹಾಗೆಯೇ. ಅದು ಅರಸರ ಲಾಂಛನ; ಲೂನಿಯಲ್ಲಿ ಅಂಥ ಗಾಂಭೀರ್ಯವಿಲ್ಲ.

ಒಂದು ನಾಣ್ಯದ ಹೆಸರು ಇಡೀ ದೇಶದ ಹಣಕ್ಕೆ ಹಬ್ಬಿದ್ದು ಇದರ ದೊಡ್ಡ ಗೆಲುವು. 2002ರ ಆರಂಭದಲ್ಲಿ ಕೆನಡಾದ ಡಾಲರ್ ಅಮೆರಿಕದ 62 ಸೆಂಟುಗಳ ಆಸುಪಾಸಿಗೆ ಇಳಿದಾಗ ಕುಸಿದದ್ದು ‘ಲೂನಿ’ಯೇ, ವಾಣಿಜ್ಯ ಪುಟಗಳಿಗೆ ಈ ಪದ ತಮಾಷೆಯಾಗಿ ಉಳಿದಿಲ್ಲ.

1996ರಲ್ಲಿ ಹಿಮಕರಡಿಯ ಚಿತ್ರವಿದ್ದ ಎರಡು ಡಾಲರಿನ ನಾಣ್ಯ ಬಂದಾಗ ಜನ ‘ಟೂನಿ’ ಎಂದರು. ‘ಟು’ ಎಂಬ ಸಂಖ್ಯೆಗೆ ಲೂನಿಯ ಬಾಲ ಅಂಟಿಸಿದ ಪದವಿದು. ಬಳಕೆಗೆ ಸಲೀಸು, ಕಲ್ಪನೆಗೆ ಬಡವು. ಪಾಪ, ಕರಡಿಗೆ ಅದರಲ್ಲಿ ಜಾಗವೇ ಸಿಗಲಿಲ್ಲ. ಟಂಕಸಾಲೆ ‘ಲೂನಿ’ ಹೆಸರಿನ ಹಕ್ಕನ್ನು ತನ್ನದಾಗಿಸಿಕೊಂಡದ್ದು 2006ರಲ್ಲಿ, ಜನ ಅದನ್ನು ಪುಕ್ಕಟೆಯಾಗಿ ಹತ್ತೊಂಬತ್ತು ವರ್ಷ ಬಳಸಿದ ಮೇಲೆ.